ಪಿಸ್ತೂಲನ್ನು ಮಾರ್ಪಡಿಸೋದು: ಎಲ್ಲಿವರೆಗೆ ಇಂಜಿನಿಯರಿಂಗ್, ಎಲ್ಲಿಂದ ಅಪರಾಧ?

ಬನ್ನಿಮಂಟಪ ಅಂದ ಕೂಡಲೇ ನಮಗೆ ಜಂಬೂ ಸವಾರಿಯ ಕೊನೆಯ ನಿಲ್ದಾಣ, ರಾತ್ರಿಯ ಪಂಜಿನ ಕವಾಯತು, ಕುದುರೆಗಳು, ಬೈಕ್ ಸಾಹಸ ನೆನಪಾಗುತ್ತೆ. ಆದರೆ ಆ ಹೆಸರಿನ ಮೂಲ ಇರೋದು ಆಯುಧದಲ್ಲಿ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಕಟ್ಟಿ ಇಟ್ಟದ್ದು ಬನ್ನಿ ಮರದ ಮೇಲೆ. ಅದೇ ನೆನಪಿನಲ್ಲಿ ವಿಜಯದಶಮಿಯ ದಿನ ಇಲ್ಲಿ ಬನ್ನಿ ಪೂಜೆ. ಮೈಸೂರಿನ ಅರಸರು ಮೆರವಣಿಗೆಯಲ್ಲಿ ಬರುತ್ತಿದ್ದದ್ದೂ ಇದೇ ಪೂಜೆಗೆ. ಆ ಕಥೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ವಿವರ ಇದೆ. ಮರಕ್ಕೆ ಏರಿಸುವ ಮೊದಲು ಪಾಂಡವರು ಬಿಲ್ಲುಗಳ ಹೆದೆ ಇಳಿಸುತ್ತಾರೆ. ಅಂದರೆ ಆಯುಧದೊಳಗೆ ತುಂಬಿಟ್ಟಿದ್ದ ಶಕ್ತಿಯನ್ನು ಖಾಲಿ ಮಾಡಿ, ಆಮೇಲೆ ಎತ್ತಿಡುತ್ತಾರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ, ಅದು ಸುರಕ್ಷಿತ ಸಂಗ್ರಹಣೆಯ ಮೊದಲ ನಿಯಮ.

ಈ ಲೇಖನದ ಪ್ರಶ್ನೆ ಇನ್ನೊಂದು. ಕೈಬಂದೂಕು, ಅಂದರೆ ಪಿಸ್ತೂಲು ಅಥವಾ ರಿವಾಲ್ವರ್ ಇಟ್ಟುಕೊಂಡವರು ಅದನ್ನು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುತ್ತಾರಾ? ಬದಲಾಯಿಸಬಹುದಾ? ಬದಲಾಯಿಸಿದರೆ ಯಂತ್ರದೊಳಗೆ ಏನಾಗುತ್ತೆ? ಬೈಕಿಗೆ ಸೈಲೆನ್ಸರ್ ಬದಲಿಸೋದು, ಲ್ಯಾಪ್‌ಟಾಪಿಗೆ ರ್‍ಯಾಮ್ ಹಾಕೋದು ನಮಗೆ ಮಾಮೂಲು. ಹಾಗಾಗಿ 'ಇದೂ ಒಂದು ಯಂತ್ರ ತಾನೇ' ಅಂತ ಅನ್ನಿಸೋದು ಸಹಜ. ಹೌದು, ಯಂತ್ರವೇ. ಅದಕ್ಕೇ ಮೊದಲು ಲೆಕ್ಕ ಹಾಕೋಣ, ಆಮೇಲೆ ಕಾನೂನು ನೋಡೋಣ. ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಗೆರೆ ಎಳೆಯುತ್ತವೆ ಅನ್ನೋದು ಕೊನೆಗೆ ಗೊತ್ತಾಗುತ್ತೆ.

ನಮ್ಮಲ್ಲಿ ಯಾರ ಕೈಯಲ್ಲಿ ಏನಿದೆ?

ಭಾರತದಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿ ಮೇಲೆ ಸಿಗುವ ಅನುಮತಿ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಇದನ್ನು ನಡೆಸುತ್ತವೆ. ಅರ್ಜಿ ಹಾಕಲು ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಮೈಸೂರು ನಗರದಲ್ಲಿ ಪೊಲೀಸ್ ಕಮಿಷನರ್, ಹೊರಗಿನ ತಾಲ್ಲೂಕುಗಳಲ್ಲಿ ಜಿಲ್ಲಾಧಿಕಾರಿ ಪರವಾನಗಿ ಕೊಡುವವರು. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು.

ಸಿನಿಮಾದಲ್ಲಿ ಕಾಣುವ 9 ಮಿ.ಮೀ. ಪಿಸ್ತೂಲು ಸಾಮಾನ್ಯ ಪರವಾನಗಿದಾರರಿಗೆ ಸಿಗೋದಿಲ್ಲ. ಅದು 'ನಿಷೇಧಿತ ಬೋರ್' ಪಟ್ಟಿಯಲ್ಲಿದೆ. ಪಾಯಿಂಟ್ 38, ಪಾಯಿಂಟ್ 45 ಕೂಡ ಹಾಗೇ. ಸೇನೆ, ಪೊಲೀಸರು ಬಳಸುವ ತೋಟಾ ನಾಗರಿಕರ ಕೈಗೆ ಹೋಗಬಾರದು ಅನ್ನುವ ಹಳೇ ಲೆಕ್ಕಾಚಾರ ಇದರ ಹಿಂದಿದೆ. ಉಳಿಯೋದು ಮುಖ್ಯವಾಗಿ ಪಾಯಿಂಟ್ 32 ಮತ್ತು ಪಾಯಿಂಟ್ 22. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿಯ ಪಾಯಿಂಟ್ 32 ರಿವಾಲ್ವರ್, ಇಶಾಪುರ ರೈಫಲ್ ಫ್ಯಾಕ್ಟರಿಯ 'ಅಶನಿ' ಪಿಸ್ತೂಲು ಇಂಥವು. 2014ರ ಜನವರಿಯಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ಅನ್ನುವ ಪಾಯಿಂಟ್ 32 ರಿವಾಲ್ವರ್ ತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ. ಈ 500 ಗ್ರಾಂ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಪಾಠ: ತೂಕ ಕಮ್ಮಿ ಮಾಡಿದರೆ ಏನಾಗುತ್ತೆ?

ಆಯುಧ ಇಟ್ಟುಕೊಂಡವರ ಮೊದಲ ದೂರು ತೂಕದ್ದು. ಹಗುರ ಇದ್ದರೆ ಒಳ್ಳೇದಲ್ವಾ? ಪಿಯುಸಿಯ ಸಂವೇಗ ಸಂರಕ್ಷಣೆ ಸಾಕು, ಲೆಕ್ಕ ಹಾಕಿ ನೋಡೋಣ.

ಒಂದು ಪಾಯಿಂಟ್ 32 ಗುಂಡಿನ ತೂಕ 6.4 ಗ್ರಾಂ, ವೇಗ ಸೆಕೆಂಡಿಗೆ 220 ಮೀಟರ್ ಅಂತ ಇಟ್ಟುಕೊಳ್ಳಿ. ಗುಂಡಿನ ಸಂವೇಗ 0.0064 × 220, ಅಂದರೆ ಸುಮಾರು 1.41 ಕೆ.ಜಿ.ಮೀ./ಸೆ. ಅಷ್ಟೇ ಸಂವೇಗ ಹಿಂದಕ್ಕೆ ರಿವಾಲ್ವರಿಗೂ ಸಿಗುತ್ತೆ. (ಮದ್ದಿನ ಅನಿಲದ ಪಾಲನ್ನು ಸದ್ಯಕ್ಕೆ ಬಿಟ್ಟಿದ್ದೇವೆ.)

700 ಗ್ರಾಂ ರಿವಾಲ್ವರ್ ಆದರೆ ಹಿನ್ನೆಗೆತದ ವೇಗ ಸೆಕೆಂಡಿಗೆ 2 ಮೀಟರ್, ಶಕ್ತಿ 1.4 ಜೂಲ್. 500 ಗ್ರಾಂ ಆದರೆ ವೇಗ 2.8 ಮೀಟರ್, ಶಕ್ತಿ ಸುಮಾರು 2 ಜೂಲ್. ಅಂದರೆ 200 ಗ್ರಾಂ ಇಳಿಸಿದ್ದಕ್ಕೆ ಕೈಗೆ ಬೀಳುವ ಪೆಟ್ಟು ಶೇಕಡ 40 ಜಾಸ್ತಿಯಾಯ್ತು. ಸಂವೇಗ ಅಷ್ಟೇ ಇರುವಾಗ ಹಿನ್ನೆಗೆತದ ಶಕ್ತಿ ತೂಕಕ್ಕೆ ವಿಲೋಮ ಅನುಪಾತದಲ್ಲಿರುತ್ತೆ. ಚೀಲದಲ್ಲಿ ಹೊರೋದು ಸುಲಭ ಆಯ್ತು, ಹಾರಿಸೋದು ಕಷ್ಟ ಆಯ್ತು.

ಇನ್ನೂ ಒಂದು ವಿಷಯ. ನಳಿಗೆ ಇರೋದು ಅಂಗೈಗಿಂತ ಮೇಲೆ. ಹಿನ್ನೆಗೆತದ ಬಲದ ರೇಖೆಗೂ ಕೈ ಹಿಡಿದ ಜಾಗಕ್ಕೂ ನಡುವೆ ಒಂದಿಷ್ಟು ಅಂತರ ಇದ್ದೇ ಇರುತ್ತೆ. ಬಲ ಗುಣಿಸು ಅಂತರ ಅಂದರೆ ತಿರುಚುಬಲ. ಅದಕ್ಕೇ ಗುಂಡು ಹಾರಿದಾಗ ಪಿಸ್ತೂಲಿನ ಮೂತಿ ಮೇಲಕ್ಕೆ ಚಿಮ್ಮುತ್ತೆ. ಕ್ರೀಡಾ ಪಿಸ್ತೂಲುಗಳಲ್ಲಿ ಹಿಡಿಯನ್ನು ಆದಷ್ಟು ಎತ್ತರಕ್ಕೆ, ನಳಿಗೆಯನ್ನು ಆದಷ್ಟು ಕೆಳಕ್ಕೆ ಕೂರಿಸೋದು ಈ ಅಂತರ ಕಮ್ಮಿ ಮಾಡಲಿಕ್ಕೆ. ಮೂತಿಯ ಬಳಿ ಸಣ್ಣ ತೂಕ ಸೇರಿಸೋದೂ ಇದೇ ಕಾರಣಕ್ಕೆ, ಜಡತ್ವ ಭ್ರಮಣಾಂಕ ಜಾಸ್ತಿ ಆಗಲಿ ಅಂತ. ಅಂದರೆ ಗುರಿಕಾರರು ತೂಕವನ್ನು ಇಳಿಸೋದಕ್ಕಿಂತ ಸೇರಿಸೋದೇ ಹೆಚ್ಚು!

ಎರಡನೇ ಪಾಠ: ಹಿಡಿ

ಜಗತ್ತಿನ ಎಲ್ಲ ಕಡೆ ಅತಿ ಸಾಮಾನ್ಯವಾದ ಬದಲಾವಣೆ ಇದೇ. ಕಾರ್ಖಾನೆಯ ಹಿಡಿ ಸರಾಸರಿ ಕೈಗೆ ಮಾಡಿದ್ದು. ಸರಾಸರಿ ಕೈ ಅನ್ನೋದು ಯಾರಿಗೂ ಇಲ್ಲ. ಬೆರಳು ಚಿಕ್ಕದಾದರೆ ಟ್ರಿಗರ್ ಮುಟ್ಟಲು ಕೈ ತಿರುಚಬೇಕು, ತಿರುಚಿದರೆ ಎಳೆತ ನೇರ ಹಿಂದಕ್ಕೆ ಬರದೆ ಪಕ್ಕಕ್ಕೂ ಬರುತ್ತೆ, ಗುರಿ ಪಕ್ಕಕ್ಕೆ ಜಾರುತ್ತೆ.

ಸ್ಪರ್ಧೆಯ ಏರ್ ಪಿಸ್ತೂಲಿನಲ್ಲಿ ಹಿಡಿ ಅನ್ನೋದು ಹೆಚ್ಚುಕಡಿಮೆ ಕೈಯ ಅಚ್ಚು. ವಾಲ್‌ನಟ್ ಮರದ್ದು, ಕೆಳಗೆ ಅಂಗೈ ಕೂರಲು ಒಂದು ಚಿಕ್ಕ ಕಟ್ಟೆ, ಅದನ್ನು ಮೇಲೆ ಕೆಳಗೆ ಸರಿಸಬಹುದು. ಆಟಗಾರರು ಅರದಿಂದ ಉಜ್ಜಿ, ಮರದ ಪುಟ್ಟಿ ಹಚ್ಚಿ ತಮ್ಮ ಕೈಗೆ ಹೊಂದಿಸಿಕೊಳ್ಳುತ್ತಾರೆ. ಆದರೆ ಇದಕ್ಕೂ ಮಿತಿ ಇದೆ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮದ ಪ್ರಕಾರ ಹಿಡಿಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡಬಾರದು. ಇಡೀ ಪಿಸ್ತೂಲು 420 × 200 × 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ತೂಕ 1500 ಗ್ರಾಂ ದಾಟಬಾರದು. ಸ್ಪರ್ಧೆಗೆ ಮುಂಚೆ ನಿಜವಾಗಲೂ ಪೆಟ್ಟಿಗೆಯೊಳಗೆ ಇಟ್ಟು ನೋಡುತ್ತಾರೆ.

ಇಲ್ಲಿ ಗಮನಿಸಬೇಕಾದ್ದು, ಹಿಡಿ ಬದಲಿಸಿದರೆ ಬಂದೂಕಿನ ಕೆಲಸ ಬದಲಾಗೋದಿಲ್ಲ. ಗುಂಡಿನ ವೇಗ ಅದೇ, ನಳಿಗೆ ಅದೇ, ಸುರಕ್ಷತಾ ಕೊಂಡಿಗಳು ಅವೇ. ಯಂತ್ರಕ್ಕೂ ಮನುಷ್ಯನಿಗೂ ನಡುವಿನ ಜಾಗ ಮಾತ್ರ ಬದಲಾಗಿದೆ.

ಮೂರನೇ ಪಾಠ: ಕಣ್ಣಿನ ಲೆಕ್ಕ

ಪಿಸ್ತೂಲಿನ ಹಿಂದಿನ ಗುರಿಗಂಡಿಗೂ ಮುಂದಿನ ಗುರಿಮೊನೆಗೂ ನಡುವಿನ ದೂರವನ್ನು ಗುರಿ ಅಂತರ ಅನ್ನೋಣ. ಸ್ಪರ್ಧೆಯ ಏರ್ ಪಿಸ್ತೂಲಿನಲ್ಲಿ ಇದನ್ನು ಅಂದಾಜು 320 ಮಿ.ಮೀ. ಅಂತಲೂ ಗಿಡ್ಡ ರಿವಾಲ್ವರಿನಲ್ಲಿ 120 ಮಿ.ಮೀ. ಅಂತಲೂ ಇಟ್ಟುಕೊಳ್ಳಿ. ಗುರಿಹಲಗೆ 10 ಮೀಟರ್ ದೂರದಲ್ಲಿದೆ. ಮುಂದಿನ ಮೊನೆ ಹಿಂದಿನ ಗಂಡಿಯಲ್ಲಿ 0.1 ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡು ಎಷ್ಟು ಪಕ್ಕಕ್ಕೆ ಹೋಗುತ್ತೆ? ಸಮರೂಪ ತ್ರಿಭುಜ, ಅಷ್ಟೇ.

ಏರ್ ಪಿಸ್ತೂಲಿನಲ್ಲಿ 0.1 × 10000 ÷ 320, ಅಂದರೆ ಸುಮಾರು 3 ಮಿ.ಮೀ. ಗಿಡ್ಡ ರಿವಾಲ್ವರಿನಲ್ಲಿ 8 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ.

10 ಮೀಟರ್ ಏರ್ ಪಿಸ್ತೂಲ್ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಚರೆಯ ವ್ಯಾಸ 4.5 ಮಿ.ಮೀ. ಚರೆಯ ಅಂಚು ವೃತ್ತವನ್ನು ಮುಟ್ಟಿದರೂ ಅಂಕ ಸಿಗುತ್ತೆ. ಹಾಗಾಗಿ ನಡುಬಿಂದುವಿನಿಂದ 8 ಮಿ.ಮೀ.ವರೆಗೆ ತಪ್ಪಿದರೂ ಹತ್ತು. ಗಿಡ್ಡ ರಿವಾಲ್ವರಿನಲ್ಲಿ ಅದಕ್ಕಿರುವ ಸಲಿಗೆ 0.1 ಮಿ.ಮೀ.ಗೂ ಕಮ್ಮಿ, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ!

ಅದಕ್ಕೇ ಕ್ರೀಡಾ ಪಿಸ್ತೂಲುಗಳು ಉದ್ದ, ಅದಕ್ಕೇ ಅವುಗಳಲ್ಲಿ ಸ್ಕ್ರೂ ತಿರುಗಿಸಿ ಸರಿಮಾಡುವ ಹಿಂಗಂಡಿ. ಬೇರೆ ದೇಶಗಳಲ್ಲಿ ಬಂದೂಕುದಾರರು ಹಿಡಿ ಆದಮೇಲೆ ಹೆಚ್ಚಾಗಿ ಬದಲಿಸೋದು ಗುರಿಮೊನೆಯನ್ನೇ. ಬಿಳಿ ಚುಕ್ಕೆ, ಹೊಳೆಯುವ ನಾರು, ಕೆಂಪು ಚುಕ್ಕೆಯ ಗಾಜು ಇತ್ಯಾದಿ. ಒಲಿಂಪಿಕ್ಸ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಮಾತ್ರ ತೆರೆದ ಲೋಹದ ಗುರಿಮೊನೆಗಷ್ಟೇ ಅವಕಾಶ, ಲೆನ್ಸ್ ಇಲ್ಲ, ಲೇಸರ್ ಇಲ್ಲ.

ನಾಲ್ಕನೇ ಪಾಠ: ಟ್ರಿಗರ್, ಇಲ್ಲಿಂದ ಹುಷಾರು

ಇಲ್ಲಿವರೆಗಿನ ಬದಲಾವಣೆಗಳು ಹೊರಗಿನವು. ಟ್ರಿಗರ್ ಒಳಗಿನದು. ಸ್ಪ್ರಿಂಗು, ಕೊಕ್ಕೆ, ಕುದುರೆ ಇವೆಲ್ಲ ಸೇರಿ ಮಾಡೋದು ಒಂದೇ ಕೆಲಸ: ಕೂಡಿಟ್ಟ ಶಕ್ತಿಯನ್ನು ಹಿಡಿದಿಟ್ಟು, ಬೆರಳು ಕೇಳಿದಾಗ ಮಾತ್ರ ಬಿಡೋದು. ಎಷ್ಟು ಬಲಕ್ಕೆ ಬಿಡಬೇಕು ಅನ್ನೋದೇ ಟ್ರಿಗರ್ ಎಳೆತ.

10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ ಎಳೆತ 500 ಗ್ರಾಂ. 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ. ಪರೀಕ್ಷೆ ತೀರಾ ಸರಳ. ನಳಿಗೆಯನ್ನು ನೇರ ಮೇಲಕ್ಕೆ ಹಿಡಿದು ಟ್ರಿಗರ್‌ಗೆ ಆ ತೂಕವನ್ನು ಸಿಕ್ಕಿಸಿ ಎತ್ತುತ್ತಾರೆ. ತೂಕ ಎದ್ದು ಬರಬೇಕು, ಟ್ರಿಗರ್ ಬಿಡಬಾರದು. ಇದಕ್ಕೆ ಹೋಲಿಸಿದರೆ ಆತ್ಮರಕ್ಷಣೆಯ ರಿವಾಲ್ವರಿನಲ್ಲಿ ಕುದುರೆ ಏರಿಸದೆ ನೇರವಾಗಿ ಟ್ರಿಗರ್ ಎಳೆದರೆ ಹಲವು ಕಿಲೋ ಬಲ ಬೇಕು. ಹೊಸದಾಗಿ ಹಿಡಿದವರಿಗೆ ಅದು ಭಾರ ಅನ್ನಿಸುತ್ತೆ. 'ಇದನ್ನ ಸ್ವಲ್ಪ ಲೈಟ್ ಮಾಡ್ಕೊಡಿ' ಅನ್ನೋ ಬೇಡಿಕೆ ಹುಟ್ಟೋದು ಅಲ್ಲಿ.

ಯಾಕೆ ಮಾಡಬಾರದು ಅಂತ ಒಂದು ಲೆಕ್ಕ. ಮೇಜಿನ ಮೇಲಿಂದ, ಅಂದರೆ 1 ಮೀಟರ್ ಎತ್ತರದಿಂದ ಪಿಸ್ತೂಲು ಗಟ್ಟಿ ನೆಲಕ್ಕೆ ಬಿತ್ತು. ನೆಲ ಮುಟ್ಟಿದ ಮೇಲೆ 5 ಮಿ.ಮೀ. ಒಳಗೆ ನಿಂತಿತು ಅಂದುಕೊಳ್ಳಿ. ಸರಾಸರಿ ವೇಗಕುಸಿತ ಎತ್ತರ ಭಾಗಿಸು ನಿಂತ ದೂರ, ಅಂದರೆ 1000 ÷ 5, ಗುರುತ್ವದ 200 ಪಟ್ಟು. ಟ್ರಿಗರ್‌ನ ತೂಕ 10 ಗ್ರಾಂ ಆದರೆ ಆ ಕ್ಷಣಕ್ಕೆ ಅದು 2 ಕಿಲೋ ತೂಕದ ಹಾಗೆ ವರ್ತಿಸುತ್ತೆ. ಪಿಸ್ತೂಲು ಹಿಂಭಾಗ ಕೆಳಗಾಗಿ ಬಿದ್ದರೆ ಆ ಬಲ ಟ್ರಿಗರ್ ಎಳೆಯುವ ದಿಕ್ಕಿನಲ್ಲೇ ಇರುತ್ತೆ. ಎಳೆತ 4 ಕಿಲೋ ಇದ್ದರೆ ಏನೂ ಆಗಲ್ಲ. ಅರ್ಧ ಕಿಲೋಗೆ ಇಳಿಸಿದ್ದರೆ ಯಾರೂ ಮುಟ್ಟದೆ ಗುಂಡು ಹಾರುತ್ತೆ. ಲೆಕ್ಕ ತುಂಬಾ ಸರಳೀಕರಿಸಿದ್ದು, ನಿಜ. ಬಿದ್ದರೂ ಹಾರದಂತೆ ಒಳಗೆ ತಡೆ ಇರುವ ಮಾದರಿಗಳು ಇವೆ. ಆದರೆ ಅರ ಹಿಡಿದು ಒಳಗೆ ಕೈಹಾಕಿದವನು ಆ ತಡೆಯನ್ನೂ ಕೆಡಿಸಿರಬಹುದು.

ಹಾಗಾದರೆ ಕ್ರೀಡೆಯಲ್ಲಿ 500 ಗ್ರಾಂ ಹೇಗೆ ಸುರಕ್ಷಿತ? ಅಲ್ಲಿ ಸುರಕ್ಷತೆ ಬರೀ ಯಂತ್ರದಲ್ಲಿಲ್ಲ, ವ್ಯವಸ್ಥೆಯಲ್ಲಿದೆ. ರೇಂಜಿನ ಗೆರೆಯ ಮೇಲೆ, ಆದೇಶ ಬಂದ ಮೇಲೆ ಮಾತ್ರ ಚರೆ ತುಂಬೋದು. ಉಳಿದ ಹೊತ್ತೆಲ್ಲ ನಳಿಗೆಯೊಳಗೆ ಬಣ್ಣದ ಸುರಕ್ಷತಾ ದಾರ. ಮೂತಿ ಯಾವಾಗಲೂ ಗುರಿಹಲಗೆಯ ಕಡೆಗೇ. ಆ ವ್ಯವಸ್ಥೆಯಿಂದ ಹೊರಗೆ ತಂದು ಅದೇ ಟ್ರಿಗರನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡರೆ ಅದೇ 500 ಗ್ರಾಂ ಅಪಾಯ.

ಚಕಮಕಿಯಿಂದ ಕೇಪಿಗೆ

ಮಾರ್ಪಾಡು ಅನ್ನೋದು ಈ ಕಾಲದ ಚಟ ಅಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಕಾರೀಗರರು ಚಕಮಕಿ ಕೋವಿ, ಪಿಸ್ತೂಲುಗಳನ್ನು ಮಾಡುತ್ತಿದ್ದರು. ಚಕಮಕಿ ಕಲ್ಲು ಕಚ್ಚುವ ಕುದುರೆಗೆ ಹುಲಿಯ ಆಕಾರ, ಮೈಮೇಲೆ ಹುಲಿಪಟ್ಟೆ. 1799ರ ಮೇ 4ರಂದು ಕೋಟೆ ಬಿದ್ದಮೇಲೆ ಅವುಗಳಲ್ಲಿ ಎಷ್ಟೋ ಇಂಗ್ಲೆಂಡಿಗೆ ಹೋದವು.

ಚಕಮಕಿ ಕೋವಿಯ ದೊಡ್ಡ ಸಮಸ್ಯೆ ಮಳೆ. ಹೊರಗಿನ ಬಟ್ಟಲಿನಲ್ಲಿ ಇಟ್ಟ ಮದ್ದು ಒದ್ದೆಯಾದರೆ ಕೋವಿ ಬರೀ ದೊಣ್ಣೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಪೆಟ್ಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅದರಿಂದ ಮುಂದೆ ಬಂದದ್ದು ತಾಮ್ರದ ಪುಟ್ಟ ಕೇಪು. ಆಮೇಲಿನ ದಶಕಗಳಲ್ಲಿ ಜಗತ್ತಿನ ತುಂಬ ಲಕ್ಷಾಂತರ ಚಕಮಕಿ ಕೋವಿಗಳನ್ನು ಕೇಪಿಗೆ ಮಾರ್ಪಡಿಸಲಾಯಿತು. ಬಟ್ಟಲು ಕಿತ್ತು, ಆ ಜಾಗದಲ್ಲಿ ಕೇಪು ಕೂರುವ ಮೊಲೆ ಹಾಕಿ, ಕುದುರೆಯ ಬಾಯಿ ಬದಲಿಸಿದರೆ ಹಳೇ ಕೋವಿ ಹೊಸದಾಯ್ತು. ಮಲೆನಾಡಿನ ಹಳಬರ ಬಾಯಲ್ಲಿ 'ಕೇಪಿನ ಕೋವಿ' ಅನ್ನುವ ಮಾತು ಇವತ್ತಿಗೂ ಇದೆ.

ಕೊಡಗಿನ ಮಾತು

ಮೈಸೂರಿನಲ್ಲಿ ಬಂದೂಕಿನ ಮಾತು ತೆಗೆದರೆ 'ಕೊಡವರಿಗೆ ಲೈಸೆನ್ಸೇ ಬೇಡವಂತೆ, ಪಿಸ್ತೂಲೂ ಇಟ್ಕೋಬಹುದಂತೆ' ಅಂತ ಒಬ್ಬರಾದರೂ ಹೇಳ್ತಾರೆ. ಅರ್ಧ ನಿಜ. 1857ರ ಬಂಡಾಯದ ನಂತರ ಬ್ರಿಟಿಷರು ಜನರಿಂದ ಆಯುಧ ಕಸಿಯುವ ಕಾಯ್ದೆ ತಂದಾಗ, 1861ರಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತ 1963ರಲ್ಲಿ ಅದನ್ನು ಮುಂದುವರಿಸಿತು: ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಆದರೆ ವಿನಾಯಿತಿ ಇರೋದು ಕೋವಿಗೆ, ಅಂದರೆ ರೈಫಲ್ ಮತ್ತು ನಯ ನಳಿಗೆಯ ಬಂದೂಕಿಗೆ. ಪಿಸ್ತೂಲು, ರಿವಾಲ್ವರಿಗಲ್ಲ. ಅದು ಬೇಕಾದರೆ ಅವರೂ ಎಲ್ಲರ ಹಾಗೆ ಅರ್ಜಿ ಹಾಕಬೇಕು. ಇದರ ಹಿಂದೆ ಒಂದು ತರ್ಕ ಇದೆ. ಕೋವಿ ಎದ್ದು ಕಾಣುತ್ತೆ, ಕೈಬಂದೂಕು ಅಡಗುತ್ತೆ. ಕೊಡಗಿನಲ್ಲಿ ಕೋವಿ ಎಲ್ಲರೆದುರು ಇರುವ ವಸ್ತು. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದೆ ಇಟ್ಟು ಪೂಜೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಬ್ಬದ ದಿನ ಕೋವಿಗೆ ಮಾಡುವ 'ಮಾರ್ಪಾಡು' ಅಂದರೆ ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸೋದು. ಕೊಡವ ತಕ್ಕ್‌ನಲ್ಲಿ ತೋಕ್ ಅಂದರೆ ಕೋವಿ. ಹೂವು ಅಂದರೆ ನಾವು ಗೌರಿ ಹೂ ಅನ್ನುವ ಆ ಕೆಂಪು ಹಳದಿ ಜ್ವಾಲೆಯಂಥ ಹೂವು. ನಳಿಗೆಯಲ್ಲಿ ಹೂವಿದ್ದರೆ ಕೋವಿ ಹಾರಿಸುವ ಸ್ಥಿತಿಯಲ್ಲಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತೆ. ರೇಂಜಿನ ಬಣ್ಣದ ದಾರದ ಕೆಲಸವೂ ಅದೇ ಅಲ್ವಾ?

ಕಾನೂನು ಗೆರೆ ಎಳೆಯೋದು ಎಲ್ಲಿ?

ಆಯುಧ ಕಾಯ್ದೆಯ ಕೆಲವು ಸೆಕ್ಷನ್‌ಗಳನ್ನು ನಮ್ಮಂಥವರು ತಿಳಿದಿರಲೇಬೇಕು. ವರ್ಕ್‌ಶಾಪಿನ ಕೀ ನಮ್ಮ ಕೈಯಲ್ಲಿರುತ್ತೆ, ಅದಕ್ಕೆ.

ಸೆಕ್ಷನ್ 5: ಪರವಾನಗಿ ಇಲ್ಲದೆ ಬಂದೂಕು ತಯಾರಿಸೋದು, ಮಾರೋದು, ಮಾರ್ಪಡಿಸೋದು, ರಿಪೇರಿ ಮಾಡೋದು, ಪರೀಕ್ಷಿಸೋದು ನಿಷಿದ್ಧ. ರಿಪೇರಿಯೂ ಸೇರಿದೆ ಅನ್ನೋದನ್ನು ಗಮನಿಸಿ. ಊರಿನಲ್ಲಿ ಯಾರೋ 'ನೀನು ಮೆಕ್ಯಾನಿಕಲ್ ಅಲ್ವೇನಪ್ಪಾ, ಇದರ ಸ್ಪ್ರಿಂಗ್ ಸಡಿಲ ಆಗಿದೆ, ನೋಡು' ಅಂತ ಕೋವಿ ಕೈಗಿಟ್ಟರೆ, ಕೈ ಮುಗಿದು 'ಲೈಸೆನ್ಸ್ ಇರೋ ಅಂಗಡಿಗೆ ತಗೊಂಡು ಹೋಗಿ ಮಾಮ' ಅನ್ನಿ.

ಸೆಕ್ಷನ್ 6: ನಳಿಗೆಯನ್ನು ಗಿಡ್ಡ ಮಾಡೋದು, ಆಟಿಕೆ ಅಥವಾ ನಕಲಿ ಬಂದೂಕನ್ನು ನಿಜವಾದದ್ದಾಗಿ ಪರಿವರ್ತಿಸೋದು, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸೋದು ನಿಷಿದ್ಧ. ನಳಿಗೆ ಯಾಕೆ? ಉದ್ದ ಕೋವಿಯನ್ನು ಕತ್ತರಿಸಿದರೆ ಅದು ಅಡಗಿಸಬಹುದಾದ ಆಯುಧ ಆಗುತ್ತೆ. ಕೊಡಗಿನ ವಿನಾಯಿತಿಯಲ್ಲಿ ನೋಡಿದ ಅದೇ ತರ್ಕ.

ಸೆಕ್ಷನ್ 8: ಬಂದೂಕಿನ ಮೇಲೆ ಕೆತ್ತಿರುವ ಸಂಖ್ಯೆ, ಗುರುತುಗಳನ್ನು ಅಳಿಸೋದು, ಬದಲಿಸೋದು ಅಪರಾಧ. ತುಕ್ಕು ತೆಗೀತೀನಿ, ಪಾಲಿಶ್ ಹೊಡೀತೀನಿ ಅಂತ ಗ್ರೈಂಡರ್ ಹಿಡಿದವರು ಇದನ್ನು ನೆನಪಿಡಬೇಕು.

ಶಿಕ್ಷೆ ಎಷ್ಟು? 2019ರ ತಿದ್ದುಪಡಿಯ ನಂತರ ಸೆಕ್ಷನ್ 5 ಮತ್ತು 6ರ ಉಲ್ಲಂಘನೆಗೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿವರೆಗೂ ಹೋಗಬಹುದು. ಮೊದಲು ಇದು 3ರಿಂದ 7 ವರ್ಷ ಇತ್ತು. ಅದೇ ತಿದ್ದುಪಡಿ ಮದುವೆ, ಮೆರವಣಿಗೆಗಳಲ್ಲಿ ಬೇಜವಾಬ್ದಾರಿಯಿಂದ ಸಂಭ್ರಮದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತರೋದನ್ನೂ ಅಪರಾಧ ಮಾಡಿತು: 2 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈಗ ಮೇಲಿನ ನಾಲ್ಕು ಪಾಠಗಳ ಪಕ್ಕ ಈ ಸೆಕ್ಷನ್‌ಗಳನ್ನು ಇಟ್ಟು ನೋಡಿ. ಹಿಡಿ, ಗುರಿಮೊನೆ ಇವು ಮನುಷ್ಯನಿಗೆ ಹೊಂದಿಸುವ ಕೆಲಸ, ಬಂದೂಕಿನ ವರ್ಗ ಬದಲಾಗೋದಿಲ್ಲ. ಅದನ್ನೂ ಪರವಾನಗಿ ಇರುವ ವ್ಯಾಪಾರಿಯ ಬಳಿ ಮಾಡಿಸೋದೇ ಸರಿ. ನಳಿಗೆ, ಹಾರಿಸುವ ವ್ಯವಸ್ಥೆ, ಗುರುತಿನ ಸಂಖ್ಯೆ ಇವುಗಳನ್ನು ಮುಟ್ಟಿದರೆ ಯಂತ್ರದ ಸ್ವಭಾವ ಅಥವಾ ಅದರ ಗುರುತು ಬದಲಾಗುತ್ತೆ. ಕಾನೂನು ತಡೆಯೋದು ಮುಖ್ಯವಾಗಿ ಅಲ್ಲೇ.

ನಮ್ಮ ಲ್ಯಾಬಿನ ಮಾತು

ಆಯುಧ ಪೂಜೆಯ ದಿನ ನಮ್ಮ ಲೇತ್‌ಗೂ ಅರಿಶಿನ ಕುಂಕುಮ ಬೀಳುತ್ತೆ. ಈಗ ಪಕ್ಕದಲ್ಲಿ 3ಡಿ ಪ್ರಿಂಟರೂ ಇದೆ, ಅದಕ್ಕೂ ಒಂದು ಹೂವು. 'ಪ್ರಿಂಟ್ ಮಾಡಿದ ಗನ್ ಕೆಲಸ ಮಾಡುತ್ತಂತೆ' ಅನ್ನುವ ಮಾತು ಹಾಸ್ಟೆಲಿನಲ್ಲಿ ಆಗಾಗ ಕಿವಿಗೆ ಬೀಳುತ್ತೆ. ಒಂದು ಹೋಲಿಕೆ ಸಾಕು. ಪಾಯಿಂಟ್ 32 ರಿವಾಲ್ವರ್ ತೋಟಾ, ಸಣ್ಣದು ಅಂತ ಕರೆಸಿಕೊಳ್ಳೋದು, ಒಳಗೆ ಹುಟ್ಟಿಸುವ ಒತ್ತಡ ಸುಮಾರು 100 ಮೆಗಾಪ್ಯಾಸ್ಕಲ್. ವಾತಾವರಣದ ಒತ್ತಡದ ಸುಮಾರು 1000 ಪಟ್ಟು, ಅದೂ ಮಿಲಿಸೆಕೆಂಡಿನೊಳಗೆ. ನಮ್ಮ ಪ್ರಿಂಟರಿನ ಪಿಎಲ್‌ಎ ಪ್ಲಾಸ್ಟಿಕ್‌ನ ಎಳೆತ ಬಲ 50ರಿಂದ 60 ಮೆಗಾಪ್ಯಾಸ್ಕಲ್, ಅದೂ ಪದರದ ದಿಕ್ಕಿನಲ್ಲಿ ಎಳೆದರೆ. ಪದರಗಳ ನಡುವೆ ಇನ್ನೂ ಕಮ್ಮಿ. ಅಂಥದ್ದು ಸಿಡಿದರೆ ಚೂರುಗಳು ಹೋಗೋದು ಹಿಡಿದವನ ಕೈಗೆ, ಕಣ್ಣಿಗೆ. ಕಾರ್ಖಾನೆಯಲ್ಲಿ ನಳಿಗೆಗಳನ್ನು ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ, ಆಮೇಲೆ ಮುದ್ರೆ ಒತ್ತುತ್ತಾರೆ. ಆ ಮುದ್ರೆಯ ಹಿಂದಿನ ಪರೀಕ್ಷೆ ನಮ್ಮ ಲ್ಯಾಬಿನಲ್ಲಿ ಸಾಧ್ಯವಿಲ್ಲ. ಕಾನೂನಿನ ಪ್ರಕಾರ ಸೆಕ್ಷನ್ 5 ಬಂದೂಕು ಹಾರಿದಾಗ ಅಲ್ಲ, ತಯಾರಾದಾಗಲೇ ಅನ್ವಯಿಸುತ್ತೆ.

ಆಟದ ದಾರಿ

ಈ ಯಂತ್ರದ ಬಗ್ಗೆ ನಿಜವಾದ ಆಸಕ್ತಿ ಇದ್ದವರಿಗೆ ನೇರ ದಾರಿ ಇದೆ. 20 ಜೂಲ್ ದಾಟದ, 4.5 ಮಿ.ಮೀ. ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ 0.53 ಗ್ರಾಂ ಚರೆ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಸುಮಾರು 6 ಜೂಲ್. ಮೇಲಿನ ಪಾಯಿಂಟ್ 32 ಗುಂಡಿನದು 155 ಜೂಲ್. ಹಾಗಂತ 6 ಜೂಲ್ ಆಟಿಕೆ ಅಲ್ಲ, ಕಣ್ಣು ಹೋಗುತ್ತೆ. ರೇಂಜಿನಲ್ಲಿ ತರಬೇತುದಾರರ ಎದುರೇ ಕಲಿಯಬೇಕು. ಎನ್‌ಸಿಸಿಯಲ್ಲಿ ಇರುವವರಿಗೆ ಪಾಯಿಂಟ್ 22 ರೈಫಲ್ ಹಾರಿಸುವ ಅವಕಾಶವೂ ಸಿಗುತ್ತೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದವರು. ಮರಳಿ ಬಂದು ಪಿಸ್ತೂಲ್ ಶೂಟಿಂಗ್ ಹಿಡಿದು, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದರು. 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು.

ಟೋಕಿಯೋ ಒಲಿಂಪಿಕ್ಸಿನಲ್ಲಿ (2021) ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೈಕೊಟ್ಟಿತು. ಅದನ್ನು ಸರಿಮಾಡುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ಕೈತಪ್ಪಿತು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅವರೇ ಎರಡು ಕಂಚು ಗೆದ್ದರು. ಅದೇ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಮಾಮೂಲಿ ಕನ್ನಡಕ ಹಾಕಿಕೊಂಡು, ಒಂದು ಕೈ ಜೇಬಿಗಿಟ್ಟು ಮಿಶ್ರ ತಂಡದಲ್ಲಿ ಬೆಳ್ಳಿ ಗೆದ್ದ ಫೋಟೋ ನಿಮ್ಮ ಗ್ರೂಪಿಗೂ ಬಂದಿರುತ್ತೆ. ಒಂದು ಕಡೆ ಒಂದು ಸಣ್ಣ ಭಾಗ ಮುರಿದು ನಾಲ್ಕು ವರ್ಷದ ತಯಾರಿ ಮಣ್ಣಾಗಿದ್ದು, ಇನ್ನೊಂದು ಕಡೆ ವಿಶೇಷ ಸಲಕರಣೆಗಳ ಹಂಗಿಲ್ಲದೆ ಗೆದ್ದದ್ದು. ಇಬ್ಬರ ಪಿಸ್ತೂಲೂ ಅದೇ ಪೆಟ್ಟಿಗೆಯೊಳಗೆ ಕೂರಬೇಕಿತ್ತು, ಇಬ್ಬರೂ ಅದೇ 500 ಗ್ರಾಂ ಎತ್ತಿ ತೋರಿಸಬೇಕಿತ್ತು.

ಬಿಡಿಸಿ ನೋಡಿ

1. 900 ಗ್ರಾಂ ತೂಕದ ಪಿಸ್ತೂಲಿಗೆ ಮೂತಿಯ ಬಳಿ 100 ಗ್ರಾಂ ಸೇರಿಸಿದರೆ ಹಿನ್ನೆಗೆತದ ಶಕ್ತಿ ಶೇಕಡ ಎಷ್ಟು ಕಮ್ಮಿ ಆಗುತ್ತೆ? ಗುಂಡಿನ ಸಂವೇಗ ಬದಲಾಗಿಲ್ಲ ಅಂತ ಇಟ್ಟುಕೊಳ್ಳಿ. (ಉತ್ತರ: 10)

2. ಗುರಿ ಅಂತರ 160 ಮಿ.ಮೀ., ದೂರ 25 ಮೀಟರ್. ಮುಂದಿನ ಮೊನೆ 0.2 ಮಿ.ಮೀ. ಸರಿದರೆ ಗುಂಡು ಎಷ್ಟು ಪಕ್ಕಕ್ಕೆ ಹೋಗುತ್ತೆ? (ಉತ್ತರ: ಸುಮಾರು 31 ಮಿ.ಮೀ.)

3. 12 ಗ್ರಾಂ ಟ್ರಿಗರ್ ಇರುವ ಪಿಸ್ತೂಲು 1.5 ಮೀಟರ್ ಎತ್ತರದಿಂದ ಬಿದ್ದು 4 ಮಿ.ಮೀ. ಒಳಗೆ ನಿಂತಿತು. ಬೇರೆ ಯಾವ ತಡೆಯೂ ಇಲ್ಲದಿದ್ದರೆ ಅದು ಹಾರದಿರಲು ಟ್ರಿಗರ್ ಎಳೆತ ಕನಿಷ್ಠ ಎಷ್ಟಿರಬೇಕು? (ಉತ್ತರ: 4.5 ಕಿಲೋಗಿಂತ ಹೆಚ್ಚು)

ಮೂರನೆಯದನ್ನು ಬಿಡಿಸಿದ ಮೇಲೆ, ಮನೆಯಲ್ಲಿ ಪರವಾನಗಿಯ ಬಂದೂಕು ಇರುವವರು ಒಂದು ಫೋನ್ ಮಾಡಿ ಕೇಳಿ: ಅದು ಎಲ್ಲಿದೆ, ತೋಟಾ ತೆಗೆದು ಬೇರೆ ಇಟ್ಟಿದ್ದಾರಾ, ಬೀರುವಿನ ಕೀ ಯಾರ ಹತ್ತಿರ ಇದೆ?